ಇಪ್ಪತ್ತೆರಡು ಸೆಕೆಂಡು

ಸಭೆ ಶುರುವಾಗಲು ಇನ್ನೂ ಒಂದು ತಾಸು ಇರುವಾಗಲೇ ಅವನು ಸಭಾಂಗಣಕ್ಕೆ ಬಂದು, ಎಂದಿನಂತೆ, ಮೇಜಿನ ಮೇಲಿದ್ದ ಗಂಟೆಯನ್ನು ಒಮ್ಮೆ ಒತ್ತಿ ನೋಡಿದ. ಅಂಗೈ ಅಗಲದ ಹಿತ್ತಾಳೆಯ ಗಂಟೆ, ನೆತ್ತಿಯ ಮೇಲೊಂದು ಗುಂಡಿ. ಒತ್ತಿದರೆ ಒಂದೇ ಸಲ ಟಣ್ ಎಂದು ಸುಮ್ಮನಾಗುತ್ತದೆ. ಇಪ್ಪತ್ತೇಳು ವರ್ಷಗಳಿಂದ ಅವನು ಈ ನಗರಸಭೆಯ ನಡವಳಿ ಗುಮಾಸ್ತ. ಯಾರು ಏನು ಹೇಳಿದರು, ಯಾರು ಅನುಮೋದಿಸಿದರು, ಯಾರು ಎದ್ದು ಹೊರಗೆ ನಡೆದರು ಎಂಬುದನ್ನೆಲ್ಲ ಬರೆದಿಡುವುದು ಅವನ ಕೆಲಸ. ಅದರ ಜೊತೆಗೆ, ಊರಿನ ಜನ ತಮ್ಮ ಅಹವಾಲು ಹೇಳಿಕೊಳ್ಳಲು ಎದುರಿನ ಕಟಕಟೆಯಂಥ ಜಾಗಕ್ಕೆ ಬಂದು ನಿಂತಾಗ ಮೂರು ನಿಮಿಷ ಎಣಿಸಿ ಗಂಟೆ ಹೊಡೆಯುವುದೂ ಅವನದೇ ಪಾಲಿಗೆ ಬಂದಿತ್ತು. ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈ ಗಂಟೆಯ ಮೇಲೆ. ಎರಡೂ ಒಟ್ಟಿಗೇ ಒತ್ತಬೇಕು. ಅದು ಅವನಿಗೆ ಕಣ್ಣುಮುಚ್ಚಿಕೊಂಡು ಮಾಡುವಷ್ಟು ರೂಢಿಯಾಗಿತ್ತು. ಆದರೆ ಹನ್ನೊಂದು ತಿಂಗಳಿಂದ ಈ ಟಣ್ ಎಂಬ ಸದ್ದು ಕಿವಿಗೆ ಬಿದ್ದಾಗಲೆಲ್ಲ ಅವನು ಕೈಯನ್ನು ಬೇಗ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಇವತ್ತೂ ಎಳೆದುಕೊಂಡ. ಅವನು ಗಂಟೆಯನ್ನು ತನ್ನಿಂದ ಒಂದು ಗೇಣು ದೂರ ಸರಿಸಿದ, ಆಮೇಲೆ ಯಾರಾದರೂ ಕಂಡಾರೆಂದು ಮತ್ತೆ ಹತ್ತಿರಕ್ಕೆಳೆದುಕೊಂಡ.

ಇವತ್ತು ಸಭೆಯ ಮುಂದಿರುವುದು ಒಂದೇ ವಿಷಯ: ನಗರಸಭೆಯ ಕಾರ್ಯಕಲಾಪ ಮತ್ತು ನಡತೆ ನಿಯಮಗಳ ಪರಿಷ್ಕರಣೆ. ಅರವತ್ತನಾಲ್ಕು ನಿಯಮಗಳು, ಮೂವತ್ತೊಂದು ಪುಟ, ಪ್ರತಿ ಆಸನದ ಮುಂದೆ ಒಂದೊಂದು ಪ್ರತಿ. ಉಪಸಮಿತಿಯವರು ಮಾಡಿದ್ದು ಎಂದು ಹೆಸರು, ಬರೆದದ್ದು ಪೂರಾ ಅವನೇ. ಉಪಸಮಿತಿಯವರು ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ನಿಯಮಗಳು ಬಿಗಿಯಾಗಬೇಕು ಅನ್ನುತ್ತಿದ್ದರು, ಐದೂವರೆಗೆ ಗಡಿಯಾರ ನೋಡಿಕೊಂಡು ಮೇಲೇಳುತ್ತಿದ್ದರು. ಅವನಿಗೆ ಅದರ ಬಗ್ಗೆ ದೂರೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹಳೆಯ ನಿಯಮಗಳನ್ನು ಒಂದೊಂದಾಗಿ ಬಿಚ್ಚಿ ನೋಡುವ ಕೆಲಸ ಅವನಿಗೆ ಹಿಡಿಸಿತ್ತು, ಯಾಕೆಂದರೆ ಪ್ರತಿಯೊಂದು ನಿಯಮದ ಬೆನ್ನ ಹಿಂದೆ ಯಾರೋ ಒಬ್ಬರು ಮಾಡಿದ ಒಂದು ಎಡವಟ್ಟು ಇರುತ್ತದೆಂಬುದು ಈ ಕಟ್ಟಡದಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು. 'ಸದಸ್ಯರು ನೀರಿನ ಲೋಟವನ್ನು ಕುಡಿಯುವುದಕ್ಕೆ ಮಾತ್ರ ಬಳಸತಕ್ಕದ್ದು' ಎಂಬ ಹತ್ತೊಂಬತ್ತನೆಯ ನಿಯಮ ಓದಿದವರು ಇದೇನು ಹುಚ್ಚು ಎಂದು ನಗುತ್ತಾರೆ. ಲೋಟ ಎಸೆದವರು ಈಗಿಲ್ಲ, ಏಟು ತಿಂದವರ ಹಣೆಯ ಕಲೆಯೂ ಮಾಸಿದೆ, ನಿಯಮ ಮಾತ್ರ ಉಳಿದಿದೆ. 'ಹಾಜರಾತಿ ಪುಸ್ತಕದಲ್ಲಿ ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕಬಾರದು' ಎಂಬುದು ಒಬ್ಬ ಸದಸ್ಯರು ಆಸ್ಪತ್ರೆಯಲ್ಲಿ ಮಲಗಿದ್ದ ದಿನವೂ ಸಭೆಗೆ ಬಂದಿದ್ದರ ಫಲ. ಹೆಸರು ಕಿತ್ತುಹಾಕಿದ ತಪ್ಪೇ ನಿಯಮ, ಎಂದು ಅವನು ಒಮ್ಮೆ ಹೆಂಡತಿಗೆ ಹೇಳಿದ್ದ. ಅವಳು ಹಾಗಾದರೆ ನಿಮ್ಮ ಹೆಸರು ಕಿತ್ತ ನಿಯಮ ಯಾವುದು ಎಂದು ತಮಾಷೆಗೆ ಕೇಳಿದಳು. ಅವನು ನಗಲಿಲ್ಲ.

ಅದು ಮೂವತ್ತೇಳನೆಯದು. ತಮ್ಮ ಹತ್ತಿರದ ಸಂಬಂಧಿಗಳ ವಿಷಯ ಸಭೆಯ ಮುಂದೆ ಬಂದಾಗ ಸದಸ್ಯರು ಅದನ್ನು ಮೊದಲೇ ತಿಳಿಸಿ, ಆ ವಿಷಯ ಮುಗಿಯುವವರೆಗೆ ಆಸನ ಬಿಟ್ಟು ಹೊರಗಿರತಕ್ಕದ್ದು. ಇಷ್ಟು ಹಳೆಯದು. ಅದರ ಕೆಳಗೆ ಅವನು ಒಂದು ಸಾಲು ಸೇರಿಸಿದ್ದ: 'ಸಮಯ ನೋಡುವ ಸಿಬ್ಬಂದಿಗೂ ಇದು ಅನ್ವಯಿಸತಕ್ಕದ್ದು.' ಉಪಸಮಿತಿಯ ಮುಂದೆ ಅದನ್ನು ಓದಿದಾಗ ಐದು ಇಪ್ಪತ್ತೈದು ಆಗಿತ್ತು, ಯಾರೂ ತಲೆ ಎತ್ತಲಿಲ್ಲ. ಅವತ್ತು ಮನೆಗೆ ಹೋಗುವಾಗ ಅವನಿಗೆ ಏನೋ ಹೊರೆ ಇಳಿದಂತೆ ಅನ್ನಿಸಿತ್ತು. ಹತ್ತು ಹೆಜ್ಜೆ ನಡೆಯುವುದರೊಳಗೆ, ಇಳಿದಿಲ್ಲ, ಬರೀ ಭುಜ ಬದಲಾಯಿಸಿದ್ದೇನೆ ಎಂದೂ ಅನ್ನಿಸಿತು.

ಕಿಟಕಿಯಾಚೆ ಬೀದಿ ಗುಡಿಸುವವಳು ಎಲೆಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತಿದ್ದಳು. ಹನ್ನೊಂದು ತಿಂಗಳ ಹಿಂದೆ ಅವನ ಅಕ್ಕ ಸಭೆಗೆ ಬಂದದ್ದೂ ಇದೇ ಹೊತ್ತಿಗೆ. ಅವನಿಗಿಂತ ಏಳು ವರ್ಷ ದೊಡ್ಡವಳು, ಮಾರುಕಟ್ಟೆಯ ಮಹಡಿಯ ಮೇಲೆ ಹೊಲಿಗೆ ಅಂಗಡಿ. ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯ ರಿಪೇರಿಯೇ ಹೆಚ್ಚು: ಬಿಗಿಯಾದದ್ದನ್ನು ಬಿಚ್ಚುವುದು, ಸಡಿಲಾದದ್ದನ್ನು ಹಿಡಿಯುವುದು, ಸವೆದ ಕಾಲರನ್ನು ಮಗುಚಿ ಹೊಲಿಯುವುದು. ಈ ಸಭೆಯಲ್ಲಿ ಕೂರುವ ಇಪ್ಪತ್ಮೂರು ಜನರಲ್ಲಿ ಐದಾರು ಮಂದಿಯ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಅವಳ ಅಹವಾಲು ಒಂದು ಬೆಂಚಿನ ಬಗ್ಗೆ. ದೊಡ್ಡಾಸ್ಪತ್ರೆಯ ಗೇಟಿನಿಂದ ಬಸ್‌ಸ್ಟಾಪಿನವರೆಗಿನ ಏರುದಾರಿಯ ನಡುವೆ ಒಂದು ಕಲ್ಲುಬೆಂಚು ಇತ್ತು. ಅದರ ಮೇಲೆ ಯಾರ್ಯಾರೋ ಮಲಗುತ್ತಾರೆಂದು ನಗರಸಭೆ ಅದನ್ನು ಎತ್ತಿಸಿತ್ತು. ಭಾವ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಈಗ ಎದೆಯ ತೊಂದರೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುವಾಗ ಆ ಬೆಂಚಿನ ಮೇಲೆ ಐದು ನಿಮಿಷ ಕೂತು ಉಸಿರು ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು. ಬೆಂಚು ಹೋದ ಮೇಲೆ ಒಮ್ಮೆ ಯಾರದೋ ಸ್ಕೂಟರಿನ ಮೇಲೆ ಕೂತದ್ದಕ್ಕೆ ಅದರ ಯಜಮಾನ ಬಂದು ಬಾಯಿಗೆ ಬಂದಂತೆ ಅಂದನಂತೆ. ಅಕ್ಕ ತಮ್ಮನ ಮನೆಗೆ ಬಂದು, ಏನು ಮಾಡೋದು ಎಂದು ಕೇಳಿದ್ದಳು. ಅವನೇ ಹೇಳಿದ್ದು, ಸಭೆಗೆ ಬಂದು ಮಾತಾಡು, ಯಾರು ಬೇಕಾದರೂ ಮಾತಾಡಬಹುದು, ಹಿಂದಿನ ದಿನ ಹೆಸರು ಬರೆಸಿದರೆ ಸಾಕು, ಮೂರು ನಿಮಿಷ ಕೊಡುತ್ತಾರೆ ಎಂದು. ನನ್ನಂಥವಳು ಅಲ್ಲಿ ನಿಂತು ಮಾತಾಡಬಹುದಾ, ಎಂದು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಅವನು ಧಾರಾಳವಾಗಿ ಹೌದೆಂದ. ಮನೆಯಲ್ಲಿ ಕೂತು ಹೇಳುವಾಗ ಅದೆಷ್ಟು ಸುಲಭವಾಗಿತ್ತು.

ಅವಳು ಬಂದು ನಿಂತಾಗ ಅವನು ತಲೆ ಎತ್ತಲಿಲ್ಲ. ಕೈಯಲ್ಲಿ ಮಡಿಸಿದ ಹಾಳೆ, ಇಸ್ತ್ರಿ ಮಾಡಿದ ಬಟ್ಟೆ, ತೋಳಿನ ಮೇಲೆ ಅವಳಿಗೇ ಗೊತ್ತಿಲ್ಲದಂತೆ ಅಂಟಿಕೊಂಡು ಬಂದಿದ್ದ ಒಂದು ತುಂಡು ನೀಲಿ ದಾರ. ಆ ದಾರ ಮಾತ್ರ ಅವನ ಕಣ್ಣಿಗೆ ಬಿತ್ತು, ಯಾರಾದರೂ ನೋಡಿ ನಕ್ಕಾರೇನೋ ಎಂದು ಅವನ ಕಿವಿ ಬಿಸಿಯಾಯಿತು. ಅವನು ವಾಚು ಒತ್ತಿದ. ಅವಳು ಓದಿದಳು. ಚೆನ್ನಾಗಿಯೇ ಓದಿದಳು, ಗಾಬರಿಯಿಲ್ಲದೆ, ಗಿರಾಕಿಗೆ ಬಟ್ಟೆ ಯಾವತ್ತು ಕೊಡುತ್ತೇನೆಂದು ಹೇಳುವಂತೆ. ಎರಡು ನಿಮಿಷ ಮೂವತ್ತು ಸೆಕೆಂಡಿನ ಹೊತ್ತಿಗೆ ಅವಳು ಹಾಳೆಯನ್ನು ಮಡಿಸಿ, 'ಕೊನೆಯದಾಗಿ ಒಂದು ಮಾತು' ಎಂದು ತಲೆಯೆತ್ತಿ ಸೀದಾ ಅವನ ಕಡೆ ನೋಡಿದಳು. ಅವಳ ಮುಖದಲ್ಲಿ ನಗು ಬರುವುದರಲ್ಲಿತ್ತು. ಆ ನಗು ಅವನಿಗೆ ಗೊತ್ತು. ಇವಳೀಗ ನನ್ನ ತಮ್ಮ ಅನ್ನುತ್ತಾಳೆ, ಇಪ್ಪತ್ಮೂರು ತಲೆಗಳು ನನ್ನತ್ತ ತಿರುಗುತ್ತವೆ, ಓಹೋ ಗುಮಾಸ್ತರ ಅಕ್ಕನಾ ಅನ್ನುತ್ತಾರೆ. ಕೈ ಗಂಟೆಯನ್ನು ಒತ್ತಿತು. ಎರಡು ನಿಮಿಷ ಮೂವತ್ತೆಂಟು ಸೆಕೆಂಡು. ಅವಳು ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು, ಸಭೆಗೆ ತಲೆಬಾಗಿದಳು, ಹೋದಳು. ಅವನು ಪುಸ್ತಕದಲ್ಲಿ, ಇಪ್ಪತ್ತೇಳು ವರ್ಷಗಳಿಂದ ಎಲ್ಲರಿಗೂ ಬರೆಯುವಂತೆ, 'ಅರ್ಜಿದಾರರು ಮಾತು ಮುಗಿಸಿದರು' ಎಂದು ಬರೆದ. ಅರ್ಜಿ ಕಡತಕ್ಕೆ ಸೇರಿತು, ಅಂದರೆ ಕಪಾಟಿಗೆ.

ಮೊದಮೊದಲು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಸ್ವಂತ ಅಕ್ಕನಿಗೆ ಹೆಚ್ಚು ಹೊತ್ತು ಕೊಟ್ಟ ಅನ್ನಿಸಿಕೊಳ್ಳಬಾರದೆಂದು ಹಾಗೆ ಮಾಡಿದೆ, ಅದು ನಿಷ್ಪಕ್ಷಪಾತ, ಅತಿಯಾಗಿದ್ದರೂ ನಿಷ್ಪಕ್ಷಪಾತವೇ. ಹೀಗೆ ಕೆಲವು ದಿನ ನಡೆಯಿತು. ಆದರೆ ಒಂದು ಮಧ್ಯಾಹ್ನ ಯಾರದೋ ಮಕ್ಕಳು ಕಚೇರಿಯ ಹಿಂದಿನ ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಜೋರಾಗಿ ಎಣಿಸುವುದು ಕೇಳಿಸಿ, ಅವನು ಪೆನ್ನು ಕೆಳಗಿಟ್ಟ. ಚಿಕ್ಕಂದಿನಲ್ಲಿ ಅಕ್ಕ ಗೋಡೆಗೆ ಮುಖ ಒತ್ತಿಕೊಂಡು ನೂರರವರೆಗೆ ಎಣಿಸುತ್ತಿದ್ದಳು. ಅವನಿಲ್ಲದಾಗ ಸರಸರ ಎಣಿಸುತ್ತಿದ್ದವಳು ಅವನೂ ಆಟದಲ್ಲಿದ್ದರೆ ಎಳೆದು ಎಳೆದು, ನಡುವೆ ಕೆಮ್ಮಿ, ಮರೆತವಳಂತೆ ಹಿಂದಕ್ಕೆ ಹೋಗಿ ಎಣಿಸುತ್ತಿದ್ದಳು, ಚಿಕ್ಕ ಕಾಲಿನವನು ಅಡಗಿಕೊಳ್ಳಲಿ ಎಂದು. ಬೇರೆ ಮಕ್ಕಳು ಮೋಸ ಮೋಸ ಎಂದು ಜಗಳ ತೆಗೆಯುತ್ತಿದ್ದರು. ನನಗೆ ಲೆಕ್ಕ ಸರಿಯಾಗಿ ಬರೋದಿಲ್ಲ, ಎಂದು ಅವಳು ಮುಖ ಸಪ್ಪಗೆ ಮಾಡಿಕೊಂಡು ದಡ್ಡಿಯಂತೆ ನಿಲ್ಲುತ್ತಿದ್ದಳು. ಇಂಚಿನ ಎಂಟನೇ ಒಂದು ಪಾಲನ್ನು ಕಣ್ಣಳತೆಯಲ್ಲಿ ಹೇಳುವ ಹೆಂಗಸು. ಅವತ್ತಿನಿಂದ ನಿಷ್ಪಕ್ಷಪಾತ ಎಂಬ ಮಾತು ಅವನ ಬಾಯಿಗೆ ರುಚಿಸಲಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಅಷ್ಟೇ. ತೋಳಿನ ಮೇಲಿನ ದಾರಕ್ಕೆ, ಕಾಲರು ಮಗುಚುವ ಕೈಗೆ, ತಮ್ಮ ಎಂಬ ಮಾತಿಗೆ.

ಅಕ್ಕ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವನು ಹೋದರೆ ಊಟಕ್ಕೆ ಕೂರಿಸುತ್ತಿದ್ದಳು, ಅಂಗಿಯ ಗುಂಡಿ ಸಡಿಲಾಗಿದ್ದರೆ ಬಿಚ್ಚಿಸಿಕೊಂಡು ಹಾಕಿಕೊಡುತ್ತಿದ್ದಳು. ಒಂದೇ ವ್ಯತ್ಯಾಸವೆಂದರೆ ಅವನ ಮುಂದೆ ಏನಾದರೂ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿ, ಇರಲಿ ಬಿಡು, ಅನ್ನುತ್ತಿದ್ದಳು. ಮೊದಲೂ ಹಾಗೆ ಅನ್ನುತ್ತಿದ್ದಳೋ, ತನಗೆ ಈಗ ಕೇಳಿಸುತ್ತಿದೆಯೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಗುಂಡಿ ಹಾಕಿದ ಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವಾಗ ಅವಳ ನೆತ್ತಿಯ ಬಿಳಿಕೂದಲು ಅವನ ಮೂಗಿನ ಹತ್ತಿರ ಬರುತ್ತಿತ್ತು. ಆಗೆಲ್ಲ ಹೇಳಿಬಿಡೋಣವೆನ್ನಿಸಿ, ಅಕ್ಕ ಎಂದು ಶುರುಮಾಡಿ, ನೀರು ಕೊಡು ಎಂದು ಮುಗಿಸುತ್ತಿದ್ದ.

ಹನ್ನೊಂದಕ್ಕೆ ಸರಿಯಾಗಿ ಅಧ್ಯಕ್ಷೆ ಬಂದರು. ವೃತ್ತಿಯಿಂದ ಹಲ್ಲಿನ ಡಾಕ್ಟರು, ಎದುರಿಗಿದ್ದವರು ಬಾಯಿ ತೆರೆದರೆ ಸಾಕು ಒಳಗೆ ಇಣುಕಿ ನೋಡುವವರಂತೆ ಕತ್ತು ವಾಲಿಸುತ್ತಿದ್ದರು. ನಿಯಮಗಳು ಒಂದೊಂದಾಗಿ ಓದಲ್ಪಟ್ಟವು, ಕೈಗಳು ಎದ್ದವು, ಇಳಿದವು. ಲೋಟದ ನಿಯಮಕ್ಕೆ ಎಂದಿನ ನಗು. ಮೊಬೈಲ್ ಫೋನಿನ ನಿಯಮ ಓದುವಾಗಲೇ ಒಬ್ಬರ ಜೇಬಿನಲ್ಲಿ ಅದು ಹಾಡಿತು. ಮತ್ತೆ ಮತ್ತೆ ಮೂಲೆಯಿಂದ ಏಳುತ್ತಿದ್ದವರು ಒಬ್ಬರೇ, ನಿವೃತ್ತ ಮೇಷ್ಟ್ರು. ಊಟದ ಪಟ್ಟಿ ಬಂದರೂ ಅದಕ್ಕೊಂದು ತಿದ್ದುಪಡಿ ತರುತ್ತಾರೆಂದು ಅವರಿಗೆ ತಿದ್ದುಪಡಿ ಮೇಷ್ಟ್ರು ಎಂದೇ ಹೆಸರು. ಅವರು ಮೂವತ್ತೈದಕ್ಕೆ ಒಂದು ಪದ ಬದಲಾಯಿಸಿದರು, ಮೂವತ್ತಾರನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟರು. ಮೂವತ್ತೇಳಕ್ಕೆ ಕನ್ನಡಕವನ್ನು ಹಣೆಗೇರಿಸಿದರು.

ಈ ಕೊನೆಯ ಸಾಲು ಯಾಕೆ ಎಂದು ಮೇಷ್ಟ್ರು ಕೇಳಿದರು. ಸದಸ್ಯರಾದರೆ ಮತ ಹಾಕುತ್ತಾರೆ, ತಮ್ಮವರಿಗೆ ಅನುಕೂಲ ಮಾಡಿಕೊಡುವ ಭಯವುಂಟು. ಗಂಟೆ ಹೊಡೆಯುವವರು ಏನು ಮಾಡಲು ಸಾಧ್ಯ? ಹೆಚ್ಚೆಂದರೆ ತಮ್ಮ ಭಾವಮೈದುನನಿಗೆ ಅರ್ಧ ನಿಮಿಷ ಜಾಸ್ತಿ ಕೊಟ್ಟಾರು, ಗೋಡೆಯ ಮೇಲಿನ ಗಡಿಯಾರ ನೋಡಲು ನಮಗೆ ಕಣ್ಣಿಲ್ಲವೇ? ಯಾರೋ ಹಿಂದಿನಿಂದ, ಭಾವಮೈದುನ ಮಾತಾಡಲು ನಿಂತರೆ ಯಾರೂ ಅರ್ಧ ನಿಮಿಷ ಜಾಸ್ತಿ ಕೊಡುವುದಿಲ್ಲ ಎಂದರು. ಸಭೆ ನಕ್ಕಿತು. ಅಧ್ಯಕ್ಷೆಯೂ ನಕ್ಕು, ಈ ಸಾಲು ಯಾವ ಕಾರಣಕ್ಕೆ ಬಂತೆಂದು ಗುಮಾಸ್ತರೇ ಹೇಳಲಿ ಎಂದು ಅವನ ಕಡೆ ಕತ್ತು ವಾಲಿಸಿದರು. ನಿಯಮದ ಪ್ರಕಾರ ಅಧ್ಯಕ್ಷರು ಕೇಳಿದ ಹೊರತು ಸಿಬ್ಬಂದಿ ಸಭೆಯಲ್ಲಿ ಮಾತಾಡುವಂತಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನನ್ನು ಹೀಗೆ ಕೇಳಿದ್ದು ಬಹುಶಃ ನಾಲ್ಕು ಸಲ, ಮೂರು ಸಲ ಪುಟದ ಸಂಖ್ಯೆಗಾಗಿ.

ಅವನು ಎದ್ದು ನಿಂತ. ಬೇರೆ ನಗರಗಳ ನಿಯಮಗಳಲ್ಲೂ ಈ ಮಾದರಿ ಇದೆ, ಅದನ್ನು ನೋಡಿ ಸೇರಿಸಿದ್ದು, ಎಂದು ಹೇಳಿ ಕೂತುಬಿಟ್ಟ. ಅದು ಸುಳ್ಳು, ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದ ಸುಳ್ಳು, ಸರಾಗವಾಗಿ ಬಂತು. ಬೇರೆಯವರ ಮನೆಯ ಕಸವನ್ನೆಲ್ಲ ನಮ್ಮಲ್ಲಿಗೆ ತರುವುದು ಬೇಡ, ಸಾಲನ್ನು ಕೈಬಿಡಬೇಕೆಂದು ನನ್ನ ತಿದ್ದುಪಡಿ, ಎಂದರು ಮೇಷ್ಟ್ರು. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷೆ. ಅವನು ಎಣಿಸಲು ಪೆನ್ನು ಹಿಡಿದ. ಒಂದು, ಎರಡು, ಐದು. ಯಾರಿಗೂ ದುರುದ್ದೇಶವಿರಲಿಲ್ಲ, ಎಲ್ಲರಿಗೂ ಊಟದ ಹೊತ್ತಾಗಿತ್ತು. ಹನ್ನೊಂದು, ಹನ್ನೆರಡು. ಇನ್ನೇನು ಆ ಸಾಲಿನ ಮೇಲೆ ಅವನೇ ಗೀಟು ಎಳೆಯಬೇಕು, 'ಕೈಬಿಡಲಾಯಿತು' ಎಂದು ಅವನೇ ಬರೆಯಬೇಕು, ಆಮೇಲೆ ಅಕ್ಕನ ವಿಷಯ ಈ ಜಗತ್ತಿನಲ್ಲಿ ನಡೆದೇ ಇಲ್ಲದಂತೆ ಆಗಿಹೋಗುತ್ತದೆ. ಮುಂದೆ ಏನು ಮಾಡಿದೆನೆಂದು ಅವನಿಗೆ ಸದ್ದು ಕೇಳಿದ ಮೇಲೆಯೇ ತಿಳಿದದ್ದು. ಟಣ್ ಎಂದಿತು. ಎತ್ತಿದ ಕೈಗಳು ಹಾಗೆಯೇ ನಿಂತವು.

"ಏನ್ರೀ ಅದು," ಎಂದರು ಅಧ್ಯಕ್ಷೆ.

"ಹೆಚ್ಚು ಕೊಟ್ಟಿದ್ದಲ್ಲ ಮೇಡಂ," ಎಂದ ಅವನು. ಎದ್ದು ನಿಲ್ಲಲು ಮರೆತಿತ್ತು. "ಕಡಿಮೆ ಕೊಟ್ಟೆ. ನಮ್ಮಕ್ಕ ಬಂದಿದ್ರು, ಹೋದ ವರ್ಷ, ಆಸ್ಪತ್ರೆ ಹತ್ರದ ಬೆಂಚಿನ ವಿಷಯಕ್ಕೆ. ಮೂರು ನಿಮಿಷ ಆಗೋಕೆ ಮುಂಚೆನೇ ಗಂಟೆ ಹೊಡೆದೆ. ಅವರು ಮಾತು ಮುಗಿಸಿರಲಿಲ್ಲ. ಮುಗಿಸಿದ್ರು ಅಂತ ಬರೆದೆ."

ಸಭೆಯಲ್ಲಿ ಒಬ್ಬರು ನಕ್ಕರು, ಬೇರೆ ಯಾರೂ ನಗದ್ದು ನೋಡಿ ನಿಲ್ಲಿಸಿದರು. ಎತ್ತಿದ್ದ ಕೈಗಳು, ಯಾವುದಕ್ಕೆ ಎತ್ತಿದ್ದೆಂಬುದು ಮರೆತಂತೆ, ಒಂದೊಂದಾಗಿ ಇಳಿದವು. ಅವನು ಗಂಟೆಯನ್ನೇ ನೋಡುತ್ತ ಕೂತ. ಬೆವರಿದ ಬೆರಳಿನ ಗುರುತು ಹಿತ್ತಾಳೆಯ ಮೇಲೆ ಬಿದ್ದು ನಿಧಾನವಾಗಿ ಆರುತ್ತಿತ್ತು. ಕೆಲಸ ಹೋಗಬಹುದು ಎಂದು ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರು ಈಗ ಏನಾದರೂ ತಮಾಷೆ ಮಾಡಿದರೆ ತಾನು ಎಲ್ಲರೆದುರು ಅತ್ತುಬಿಡಬಹುದು ಎಂದು ಭಯವಾಯಿತು. ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಬಹಳ ಹೊತ್ತು ಅವನನ್ನು ನೋಡಿದರು. ಎಷ್ಟು ಸೆಕೆಂಡು ಕಡಿಮೆ, ಎಂದು ಕೇಳಿದರು. ಇಪ್ಪತ್ತೆರಡು ಎಂದ. ಸರಿಯಾಗಿ ಗೊತ್ತೇ ಎಂದರು. ಗೊತ್ತು ಎಂದ.

"ಹಾಗಿದ್ರೆ ನನ್ನ ತಿದ್ದುಪಡಿ ವಾಪಸ್ ತಗೋತೀನಿ," ಎಂದರು ಮೇಷ್ಟ್ರು. ಆಮೇಲೆ ಅಭ್ಯಾಸಬಲ ಬಿಡಬೇಕಲ್ಲ, ಇನ್ನೊಂದು ತಿದ್ದುಪಡಿ ಮಂಡಿಸಿದರು: ಆ ಅರ್ಜಿದಾರರಿಗೆ ಬಾಕಿಯಿರುವ ಇಪ್ಪತ್ತೆರಡು ಸೆಕೆಂಡನ್ನು ಮುಂದಿನ ಸಭೆಯಲ್ಲಿ ಕೊಡತಕ್ಕದ್ದು, ಹಳೆಯ ನಡವಳಿಯನ್ನು ಸರಿಪಡಿಸತಕ್ಕದ್ದು, ಬೆಂಚಿನ ಕಡತವನ್ನು ಕಪಾಟಿನಿಂದ ಹೊರತೆಗೆಯತಕ್ಕದ್ದು. ಅಧ್ಯಕ್ಷೆಯ ಮುಖ ಗಟ್ಟಿಯಾಗಿತ್ತು, ಅದು ಸಿಟ್ಟೋ ಅಲ್ಲವೋ ತಿಳಿಯುವಂತಿರಲಿಲ್ಲ. ಸಭೆ ಮುಗಿದ ಮೇಲೆ ಈ ಬಗ್ಗೆ ಲಿಖಿತ ವಿವರಣೆ ಕೊಡಬೇಕೆಂದು ಅವನಿಗೆ ಹೇಳಿದರು, ಹಲ್ಲು ಕೀಳುವ ಮೊದಲು ಹೇಳುವಂಥ ಮೆಲುದನಿಯಲ್ಲಿ. ನಂತರ ಇದನ್ನೂ ನಡವಳಿಯಲ್ಲಿ ಬರೆದುಕೊಳ್ಳಿ ಎಂದರು. ಅವನು ಬರೆದ. 'ಸಭೆಯ ಗುಮಾಸ್ತರು ತಮ್ಮ ಅಕ್ಕನ ಮಾತನ್ನು' ಎಂದು ಬರೆದು ನಿಲ್ಲಿಸಿದ. ಇಪ್ಪತ್ತೇಳು ವರ್ಷದ ಅಷ್ಟೂ ಪುಸ್ತಕಗಳಲ್ಲಿ ಅವನು ತನ್ನ ಬಗ್ಗೆ ಬರೆಯುತ್ತಿದ್ದದ್ದು ಇದೇ ಮೊದಲು, ಯಾವ ಕ್ರಿಯಾಪದ ಹಾಕಬೇಕೆಂದು ಹೊಳೆಯಲಿಲ್ಲ. ಕೊನೆಗೆ 'ತಡೆದುದಾಗಿ ಒಪ್ಪಿಕೊಂಡರು' ಎಂದು ಮುಗಿಸಿದ. ಮೂವತ್ತೇಳನೆಯ ನಿಯಮ ಹದಿನೇಳು ಕೈಗಳಿಂದ ಪಾಸಾಯಿತು.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಅವನು ಅಕ್ಕನ ಮನೆಗೆ ಹೋದ. ಕಿಸೆಯಲ್ಲಿ ಮೊಹರು ಹಾಕಿದ ನೋಟಿಸು ಇತ್ತು: ಅರ್ಜಿದಾರರು ಮುಂದಿನ ಸಭೆಗೆ ಹಾಜರಾಗಿ ಉಳಿದ ಇಪ್ಪತ್ತೆರಡು ಸೆಕೆಂಡುಗಳ ಕಾಲ ಮಾತಾಡಬಹುದು. ಅದನ್ನು ಟೈಪು ಮಾಡಿದವನೂ ಅವನೇ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ, ಮೆಟ್ಟಿಲು ಹತ್ತುವುದರೊಳಗೆ ಎಲ್ಲ ಕಲೆಸಿಹೋಗಿತ್ತು. ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಅಕ್ಕ ಹೊಲಿಗೆ ಮಷೀನಿನ ಮುಂದೆ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಅವನು ನೋಟಿಸನ್ನು ಅವಳ ಕೈಗೆ ಕೊಟ್ಟ. ಅವಳು ಓದಿ ಭಾವನಿಗೆ ಕೊಟ್ಟಳು. ಭಾವ ಅದನ್ನು ದೂರ ಹಿಡಿದು ಎರಡು ಸಲ ಓದಿದರು.

"ಅಂದ್ರೆ ಇವಳನ್ನ ಒಂದು ಸ್ಟಾಪ್ ಮುಂಚೆನೇ ಇಳಿಸಿಬಿಟ್ಟಿದ್ಯಾ ನೀನು," ಎಂದರು ಭಾವ. ಅವನು ತಲೆ ತಗ್ಗಿಸಿದ. ಭಾವ ಹೆಂಡತಿಯತ್ತ ತಿರುಗಿದರು. ಒಂದು ವಾರ ಇದೇ ಕುರ್ಚಿಯಲ್ಲಿ ಕೂತು, ಕೈಗಡಿಯಾರ ಹಿಡಿದು, ಅವಳಿಗೆ ಅಭ್ಯಾಸ ಮಾಡಿಸಿದ್ದು ತಾವು, ಹನ್ನೆರಡು ಸಲವೂ ಎರಡು ಐವತ್ತಕ್ಕೆ ಮುಗಿಸುತ್ತಿದ್ದಳು, ಅವತ್ತು ಮನೆಗೆ ಬಂದು, ಗಾಬರಿಯಲ್ಲಿ ಮಾತು ಎಳೆದುಬಿಟ್ಟೆ ಕಣ್ರೀ ಎಂದು ಅವಳು ಅಂದದ್ದನ್ನು ಇಡೀ ವರ್ಷ ನಂಬಿಕೊಂಡು, ಅಷ್ಟು ಕಲಿಸಿದರೂ ಎಡವಿದಳಲ್ಲ ಎಂದು ಬಂದವರಿಗೆಲ್ಲ ಹೇಳಿ ಆಡಿಕೊಂಡಿದ್ದಾಯಿತು ಎಂದು ಗೊಣಗಿದರು. ಅಕ್ಕ ಸೂಜಿಯ ಮೇಲಿಂದ ಕಣ್ಣೆತ್ತಲಿಲ್ಲ. ಅವನಿಗೆ ಆಗ ಅರ್ಥವಾಯಿತು. ಅವಳಿಗೆ ಅವತ್ತೇ, ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ, ಗೋಡೆಗೆ ಮುಖ ಮಾಡಿ ನಿಂತ ಹುಡುಗಿಯ ಹಾಗೆ, ನನಗೆ ಲೆಕ್ಕ ಬರೋದಿಲ್ಲ ಎಂದು ತಾನೇ ದಡ್ಡಿಯಾಗಿ ನಿಂತಿದ್ದಳು.

"ನೀನು ನನ್ನ ಕಡೆ ನೋಡಿದೆಯಲ್ಲ ಅಕ್ಕ," ಎಂದ ಅವನು. "ತಮ್ಮ ಅಂತೀಯೇನೋ ಅನ್ನಿಸ್ತು. ಅದಕ್ಕೇ ಹೊಡೆದೆ. ಅಲ್ಲಿ ಯಾಕೆ ಅಂತ ಹೇಳ್ಲಿಲ್ಲ, ನಿಜ ಇದು."

"ಗೊತ್ತು," ಎಂದಳು ಅಕ್ಕ.

ಭಾವ ಕೆಮ್ಮಿ ಕಿಟಕಿಯಾಚೆ ನೋಡತೊಡಗಿದರು. ಅಕ್ಕ ಪ್ಯಾಂಟನ್ನು ಪಕ್ಕಕ್ಕಿಟ್ಟು, ಮುಂದಿನ ಸಭೆಗೆ ತಾನು ಬರುವುದಿಲ್ಲ ಎಂದಳು. ಇಪ್ಪತ್ತೆರಡು ಸೆಕೆಂಡಿಗೋಸ್ಕರ ಯಾರು ಅಂಗಡಿ ಮುಚ್ಚಿ ಬಟ್ಟೆ ಇಸ್ತ್ರಿ ಮಾಡಿಕೊಂಡು ಬರುತ್ತಾರೆ? ಬೆಂಚಿನ ವಿಷಯ ಅವತ್ತೇ ಹೇಳಿ ಮುಗಿದಿತ್ತು, ಹಾಕುವುದಿದ್ದರೆ ಹಾಕಲಿ. ಉಳಿದದ್ದು ಬೆಂಚಿನದಲ್ಲ. ಅವಳು ಮಷೀನಿನ ಸಣ್ಣ ಖಾನೆ ಎಳೆದಳು. ದಾರದ ಬಾಬಿನ್ನು, ಗುಂಡಿ, ಮೊಂಡು ಬಳಪಗಳ ಅಡಿಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಅಂಚಿನಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಬಳಪದಲ್ಲಿ, ಒಂದು ನಿಮಿಷ, ಎರಡು ನಿಮಿಷ, ಎರಡೂವರೆ ಎಂದು ಗೀಟುಗಳಿದ್ದವು. ಕೊನೆಯ ಗೀಟಿನ ಕೆಳಗೆ ಕೆಲವೇ ಸಾಲು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ. ಕೂತ್ಕೋ ಎಂದಳು. ಅವನು ಸ್ಟೂಲಿನ ಮೇಲೆ ಕೂತ. ಅವಳು ಎದ್ದು ನಿಂತು, ಅವತ್ತು ಸಭೆಯಲ್ಲಿ ನಿಂತಂತೆಯೇ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೊನೆಯದಾಗಿ ಒಂದು ಮಾತು," ಎಂದು ಅಕ್ಕ ಓದಿದಳು. "ನನ್ನಂಥವಳೂ ಇಲ್ಲಿ ಬಂದು ನಿಂತು ಮಾತಾಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟಿದ್ದು ಅಲ್ಲಿ ಗಂಟೆ ಮುಂದಿಟ್ಟುಕೊಂಡು ಕೂತಿರೋ ನನ್ನ ತಮ್ಮ. ಇಷ್ಟು ವರ್ಷ ಎಲ್ಲರ ಮಾತನ್ನೂ ಬರೆದುಕೊಂಡಿದ್ದಾನೆ, ಅವನ ಬಗ್ಗೆ ಯಾರೂ ಏನೂ ಹೇಳಿರಲಿಕ್ಕಿಲ್ಲ. ಒಳ್ಳೆಯವನು, ಅಂತ ಒಂದು ಸಾಲು ಬರೆದುಕೊಳ್ಳಬೇಕು."

ಓದಿ ಮುಗಿಸಿ ಅವಳು ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಅವನು ಒದ್ದೆಯಾದ ಮುಖವನ್ನು ಒರೆಸಿಕೊಳ್ಳಲಿಲ್ಲ. ಕೆಳಗೆ ಬೀದಿಯಲ್ಲಿ ಬಸ್ಸೊಂದು ನಿಂತು, ಜನರನ್ನಿಳಿಸಿ, ಹೊರಟಿತು. ಭಾವ ಅಭ್ಯಾಸದಿಂದ ಕೈಗಡಿಯಾರ ನೋಡಿಕೊಂಡರು, ಆದರೆ ಓದು ಯಾವಾಗ ಶುರುವಾಯಿತೆಂದು ಅವರೂ ಗಮನಿಸಿರಲಿಲ್ಲ.

"ಎಷ್ಟಾಯ್ತೋ," ಎಂದು ಅಕ್ಕ ಕೇಳಿದಳು.

"ಎಣಿಸ್ಲಿಲ್ಲ ಅಕ್ಕ," ಎಂದ ಅವನು.